ದಾರಿ ಕೇಳಿ: ಡೊಲೊಮೈಟ್ಸ್ ಬೆಟ್ಟಕ್ಕೆ ಹೊರಟೋರ ಪ್ರಶ್ನೆಗಳು

ಹೋದ ಸಂಚಿಕೇಲಿ ಇಟಲಿಯ ಉತ್ತರದ ಅಂಚಲ್ಲಿರೋ ಡೊಲೊಮೈಟ್ಸ್ ಬೆಟ್ಟಗಳ ಬಗ್ಗೆ ಬರ್ದಿದ್ದೆ. ಅಲ್ಲಿಗೆ ನಾನು ಮೂರು ಸಲ ಹೋಗಿ ಬಂದಿದೀನಿ, ಮೊದಲ್ನೇ ಸಲ ಬಸ್ ಟೂರಲ್ಲಿ, ಎರಡ್ನೇ ಸಲ ಒಬ್ಬ ಗೆಳೆಯನ ಜೊತೆ ನಡ್ಕೊಂಡು, ಹೋದ ವರ್ಷ ಅಮ್ಮನ್ನ ಕರ್ಕೊಂಡು. ದುರ್ಗ, ದಾವಣಗೆರೆ ಕಡೆಯಿಂದಲೇ ಇಷ್ಟೊಂದು ಪ್ರಶ್ನೆ ಬರ್ತವೆ ಅಂತ ಅನ್ಕೊಂಡಿರ್ಲಿಲ್ಲ, ತುಂಬಾ ಖುಷಿ ಆಯ್ತು. ಕೆಲವಕ್ಕೆ ಎರಡೇ ಸಾಲಲ್ಲಿ ಉತ್ತರ ಮುಗೀತು, ಕೆಲವು ಉದ್ದ ಆದ್ವು, ಬೇಜಾರ್ ಮಾಡ್ಕೋಬೇಡಿ.

ನಾವು ನಾಲ್ಕು ಜನ, ಮೇ ಕೊನೇಲಿ ಹತ್ತು ದಿನ ಯುರೋಪಿಗೆ ಹೋಗ್ಬೇಕು ಅಂತಿದೀವಿ. ಏಜೆಂಟ್ ಆರು ದೇಶ ತೋರಿಸ್ತೀನಿ ಅಂತಾರೆ, ಅದ್ರಲ್ಲಿ ಡೊಲೊಮೈಟ್ಸ್‌ಗೆ ಒಂದು ದಿನ ಇಟ್ಟಿದಾರೆ. ಸಾಕಾಗುತ್ತಾ? — ಪಿ.ಜೆ. ಬಡಾವಣೆ, ದಾವಣಗೆರೆ

ಸಾಕಾಗಲ್ಲ ಅಣ್ಣಾರೆ. ನಾನು ಮೊದಲ್ನೇ ಸಲ ಹೋಗಿದ್ದು ಅಂಥದ್ದೇ ಟೂರಲ್ಲಿ. ಲಾಗೊ ದಿ ಬ್ರಾಯೆಸ್ ಅಂತ ಒಂದು ಸರೋವರ ಇದೆ, ಹಸಿರು ಗಾಜಿನ ಥರ ನೀರು, ಹಿಂದುಗಡೆ ನೆಟ್ಟಗೆ ಗೋಡೆ ಎದ್ದಂಗೆ ಬೆಟ್ಟ, ಬಸ್ಸಿನೋರು ಅಲ್ಲಿ ನಮ್ಗೆ ಕೊಟ್ಟಿದ್ದು ನಲವತ್ತು ನಿಮಿಷ. ಅದ್ರಲ್ಲಿ ಶೌಚಾಲಯದ ಸಾಲಿಗೆ ಇಪ್ಪತ್ತು ನಿಮಿಷ ಹೋಯ್ತು. ದೋಣಿ ಮನೆ ಮುಂದೆ ನಿಂತು ಒಂದು ಫೋಟೋ, ಆಮೇಲೆ ಮತ್ತೆ ಬಸ್ಸು. ಸರೋವರದ ಸುತ್ತ ಒಂದು ಕಾಲುದಾರಿ ಇದೆ, ನಿಧಾನಕ್ಕೆ ನಡೆದ್ರೂ ಒಂದೂವರೆ ಗಂಟೆ ಸಾಕು, ಅದು ಇರೋದೇ ಗೊತ್ತಾಗಿದ್ದು ನಂಗೆ ಊರಿಗೆ ಬಂದ ಮೇಲೆ. ದುಡ್ಡು ಕೊಟ್ಟು ಅಷ್ಟು ದೂರ ಹೋಗಿ ಬೆಟ್ಟನ ಕಿಟಕೀಲಿ ನೋಡ್ಕೊಂಡು ಬಂದೆನಲ್ಲ ಅಂತ ಆ ಸಂಕಟ ತುಂಬಾ ದಿನ ಇತ್ತು, ಅದಕ್ಕೇ ಮತ್ತೆ ಹೋಗಿದ್ದು.

ಇನ್ನೊಂದು ಮುಖ್ಯ ವಿಷ್ಯ, ಮೇ ಕೊನೇಲಿ ಹೋಗ್ಬೇಡಿ. ಎತ್ತರದ ದಾರಿಗಳಲ್ಲಿ ಆಗಿನ್ನೂ ಹಿಮ ಇರುತ್ತೆ, ಕೇಬಲ್ ಕಾರುಗಳು ಸುಮಾರು ಎಲ್ಲ ಬಂದ್ ಆಗಿರ್ತವೆ. ರಿಫುಜಿಯೊ ಅಂತಾರೆ ಬೆಟ್ಟದ ಮೇಲಿನ ಊಟ-ವಸತಿ ಮನೆಗಳಿಗೆ, ಅವು ಬಾಗಿಲು ತೆಗೆಯೋದು ಜೂನ್ ಮಧ್ಯದಲ್ಲಿ, ಮುಚ್ಚೋದು ಸೆಪ್ಟೆಂಬರ್ ಕೊನೆ ಹೊತ್ತಿಗೆ. ಮಕ್ಕಳ ಸ್ಕೂಲ್ ರಜಕ್ಕೆ ಇದು ಹೊಂದಲ್ಲ ಅಂತ ಗೊತ್ತು, ಆದ್ರೆ ಜೂನ್ ಕೊನೇಲಿ ಒಂದು ವಾರ ಸ್ಕೂಲಿಗೆ ರಜಾ ಹಾಕ್ಸಿದ್ರೂ ಪರವಾಗಿಲ್ಲ ಅನ್ನೋದೇ ನನ್ನ ಅಭಿಪ್ರಾಯ.

ಹತ್ತು ದಿನ ಇದ್ರೆ ಎರಡೇ ಊರು ಇಟ್ಕೊಳ್ಳಿ. ಗಾರ್ದೇನ ಕಣಿವೆಯ ಓರ್ತಿಸೇಯಿಯಲ್ಲಿ ನಾಲ್ಕು ರಾತ್ರಿ, ಆಮೇಲೆ ಕೊರ್ತಿನ ದಾಂಪೆತ್ಸೊ ಅಥವಾ ದೊಬ್ಬಿಯಾಕೊದಲ್ಲಿ ನಾಲ್ಕು ರಾತ್ರಿ. 1956ರಲ್ಲೂ 2026ರಲ್ಲೂ ಚಳಿಗಾಲದ ಒಲಿಂಪಿಕ್ಸ್ ನಡೆದ ಊರು ಈ ಕೊರ್ತಿನ, ಅದಕ್ಕೇ ರೂಮಿನ ರೇಟು ಜಾಸ್ತಿ. ದೊಬ್ಬಿಯಾಕೊ ಸ್ವಲ್ಪ ಅಗ್ಗ, ರೈಲೂ ಇದೆ. ಮ್ಯಾಪಲ್ಲಿ ಐವತ್ತು ಕಿಲೋಮೀಟರ್ ಅಂತ ಕಾಣೋದು ಘಾಟಿ ರಸ್ತೇಲಿ ಎರಡು ಗಂಟೆ ಹಿಡಿಯುತ್ತೆ, ಅರಬ್ಬ ಅನ್ನೋ ಊರ ಕಡೆಯಿಂದ ಪೊರ್ದೊಯಿ ಕಣಿವೆದಾರಿಗೆ ಹತ್ತೋವಾಗ 33 ತಿರುವು ಸಿಗ್ತವೆ. ದಿನಾ ಊರು ಬದಲಾಯಿಸ್ತಾ ಹೋದ್ರೆ ಸೂಟ್‌ಕೇಸ್ ಕಟ್ಟೋದ್ರಲ್ಲೇ ಬೆಳಿಗ್ಗೆ ಕಳೆದುಹೋಗುತ್ತೆ, ಅಲ್ಲಿ ಬೆಳಿಗ್ಗೆ ಹೊತ್ತೇ ಬಂಗಾರ, ಯಾಕೆ ಅಂತ ಮುಂದೆ ಹೇಳ್ತೀನಿ.

ಕೋಟೆ ಬಿಟ್ರೆ ಬೇರೆ ಬೆಟ್ಟ ಹತ್ತಿದೋಳಲ್ಲ ನಾನು. ಟ್ರೆ ಚೀಮೆ ಸುತ್ತು ಹಾಕೋಕೆ ಆಗುತ್ತಾ ಸರ್? ತಯಾರಿ ಏನ್ ಮಾಡ್ಲಿ? — ಕಾಲೇಜು ಉಪನ್ಯಾಸಕಿ, ಚಿತ್ರದುರ್ಗ

ಖಂಡಿತ ಆಗುತ್ತೆ ತಂಗಿ. ಟ್ರೆ ಚೀಮೆ ಅಂದ್ರೆ ಮೂರು ಶಿಖರ, ಅಕ್ಕಪಕ್ಕ ನಿಂತಿರೋ ಮೂರು ಕಲ್ಲಿನ ಗೋಪುರ, ನಡುವಿಂದು 2,999 ಮೀಟರ್. ನಾವು ಅದನ್ನ ಹತ್ತೋದಲ್ಲ, ಅದ್ರ ಸುತ್ತ ಪ್ರದಕ್ಷಿಣೆ ಹಾಕೋದು. ಸುಮಾರು 10 ಕಿಲೋಮೀಟರ್, ಫೋಟೋ, ಊಟ ಎಲ್ಲ ಸೇರಿ ಐದು ಗಂಟೆ ಇಟ್ಕೊಳ್ಳಿ. ಶುರು ಆಗೋ ಔರೊಂಜೊ ರಿಫುಜಿಯೊನೇ 2,320 ಮೀಟರ್ ಎತ್ತರದಲ್ಲಿದೆ, ಅಲ್ಲೀವರೆಗೂ ಬಸ್ ಹೋಗುತ್ತೆ. ಮೊದಲರ್ಧ ಅಗಲವಾದ ಜಲ್ಲಿ ದಾರಿ, ಯಾರು ಬೇಕಾದ್ರೂ ನಡೀಬಹುದು. ಲೊಕಾತೆಲ್ಲಿ ಅನ್ನೋ ರಿಫುಜಿಯೊ ದಾಟಿದ ಮೇಲೆ ದಾರಿ ತಗ್ಗಿಗೆ ಇಳಿದು ಮತ್ತೆ ಏರುತ್ತೆ, ಉಸಿರು ಕಟ್ಟೋದು ಅಲ್ಲೇ.

ತಯಾರಿಗೆ ನಮ್ಮ ಕೋಟೆಗಿಂತ ಒಳ್ಳೆ ಜಾಗ ಇಲ್ಲ. ಮೂರು ತಿಂಗಳು ಮುಂಚೆಯಿಂದ ವಾರಕ್ಕೆ ಮೂರು ಬೆಳಿಗ್ಗೆ ಮೇಲುದುರ್ಗದ ತನಕ ಹತ್ತಿ ಇಳೀರಿ. ಮೊದಲು ಬರೀ ಕೈಯಲ್ಲಿ, ಆಮೇಲೆ ಬ್ಯಾಗಲ್ಲಿ ಎರಡು ಬಾಟ್ಲಿ ನೀರು, ಕೊನೇ ತಿಂಗಳು ಆರು ಕೆಜಿ ತುಂಬ್ಕೊಂಡು. ಭಾನುವಾರ ಆಡುಮಲ್ಲೇಶ್ವರದಿಂದ ಜೋಗಿಮಟ್ಟಿಗೆ ನಡೀರಿ. ಎಲ್ರೂ ಹತ್ತೋದನ್ನೇ ಪ್ರಾಕ್ಟೀಸ್ ಮಾಡ್ತಾರೆ, ಮಂಡಿ ಕೈಕೊಡೋದು ಇಳಿಯೋವಾಗ. ಕೋಟೆ ಮೆಟ್ಲು ಇಳಿಯೋವಾಗ ಓಡ್ಬೇಡಿ, ಮಂಡಿ ಸ್ವಲ್ಪ ಬಗ್ಗಿಸಿ, ಪಾದ ಪೂರ್ತಿ ಊರಿ, ಸದ್ದಾಗ್ದಂಗೆ ಇಳಿಯೋದು ಕಲೀರಿ. ಎರಡು ವಾಕಿಂಗ್ ಕೋಲು ತಗೊಳ್ಳಿ, ವಯಸ್ಸಾದೋರಿಗೆ ಮಾತ್ರ ಅಂತ ಅನ್ಕೋಬೇಡಿ, ಅಲ್ಲಿ ಇಪ್ಪತ್ತು ವರ್ಷದ ಹುಡುಗ್ರೂ ಹಿಡ್ಕೊಂಡೇ ನಡೀತಾರೆ.

ಶೂ ವಿಷ್ಯ ಬಹಳ ಗಮನ ಇಟ್ಟು ಕೇಳಿ. ನನ್ನ ಗೆಳೆಯ ಐದು ವರ್ಷದ ಹಿಂದೆ ತಗೊಂಡು ಎರಡೇ ಸಲ ಹಾಕಿದ್ದ ಟ್ರೆಕಿಂಗ್ ಶೂನ ಬೀರುವಿಂದ ತೆಗೆದು ಹಾಕ್ಕೊಂಡು ಬಂದಿದ್ದ, ನೋಡೋಕೆ ಹೊಸದೇ. ಎರಡ್ನೇ ದಿನ ಇಳಿಜಾರಲ್ಲಿ ಎಡಗಾಲಿಂದ ಚಟಪಟ ಅಂತ ಸದ್ದು, ನೋಡಿದ್ರೆ ಅಟ್ಟೆ ಹಿಮ್ಮಡಿ ಕಡೆಯಿಂದ ಬಾಯಿ ಬಿಟ್ಕೊಂಡಿದೆ, ಒಳಗಿನ ಫೋಮು ಒಣಗಿದ ಬೆಲ್ಲದಂಗೆ ಪುಡಿಪುಡಿ ಉದುರ್ತಿದೆ. ಅರ್ಧ ಗಂಟೆಗೆ ಬಲಗಾಲಿಂದೂ ಹಂಗೇ ಆಯ್ತು. ಬಟ್ಟೆ ಒಣಗಿಸೋಕೆ ತಂದಿದ್ದ ಹಗ್ಗ ಕತ್ತರಿಸಿ ಎರಡೂ ಶೂಗೆ ಸುತ್ತಿ, ಎರಡು ಗಂಟೆ ದಾರೀನ ನಾಲ್ಕು ಗಂಟೆ ಇಳಿದ್ವಿ. ಅಟ್ಟೆಗೆ ಹಾಕೋ ಪಾಲಿಯುರಿಥೇನ್ ಗಾಳೀಲಿರೋ ತೇವಕ್ಕೇ ವರ್ಷಾನುಗಟ್ಲೆ ಹಳಸುತ್ತಂತೆ, ಹಾಕ್ದೆ ಸುಮ್ನೆ ಇಟ್ರೂ ಹಾಳಾಗುತ್ತೆ. ಹೊಸ ಶೂ ತಗೊಂಡು, ಕೋಟೇಲೇ ಒಂದು ತಿಂಗಳು ಪಳಗಿಸ್ಕೊಂಡು ಹೋಗಿ.

ಆ ಬೆಟ್ಟಗಳ ಕಲ್ಲು ನಮ್ಮ ಕಡೆ ಕಲ್ಲಿಗಿಂತ ಬೇರೆ ಥರ ಕಾಣ್ಸುತ್ತೆ, ಬಿಳಿ, ಚೂಪು ಚೂಪು. ಸಂಜೆ ಗುಲಾಬಿ ಆಗುತ್ತೆ ಅಂತ ಬರ್ದಿದ್ರಿ, ಹೌದಾ? — ನಿವೃತ್ತ ಶಿಕ್ಷಕರು, ಹಿರಿಯೂರು

ಮೇಷ್ಟ್ರೇ, ಈ ಪ್ರಶ್ನೆ ಓದಿ ನಂಗೆ ಎಷ್ಟು ಸಂತೋಷ ಆಯ್ತು ಅಂದ್ರೆ! ನೀವು ದುರ್ಗದ ಹತ್ರ ಮರಡಿಹಳ್ಳಿ ನೋಡೇ ಇರ್ತೀರಿ, ದಿಂಬು ಜೋಡಿಸಿಟ್ಟಂಗೆ ಉಬ್ಬುಬ್ಬು ಕಲ್ಲು, ರಾಷ್ಟ್ರೀಯ ಭೂವೈಜ್ಞಾನಿಕ ಸ್ಮಾರಕ ಅದು. ಸಮುದ್ರದ ತಳದಲ್ಲಿ ಉಕ್ಕಿದ ಲಾವಾ ನೀರಿಗೆ ತಾಗ್ತಿದ್ದಂಗೇ ತಣ್ಣಗಾಗಿ ಆ ಆಕಾರ ಬಂತು, ಸುಮಾರು 250 ಕೋಟಿ ವರ್ಷದ ಹಿಂದೆ. ಅಂದ್ರೆ ನಮ್ಮ ಈ ಒಣನೆಲವೂ ಒಂದು ಕಾಲಕ್ಕೆ ಸಮುದ್ರದ ತಳವೇ. ಡೊಲೊಮೈಟ್ಸ್ ಕೂಡ ಸಮುದ್ರದಲ್ಲೇ ಹುಟ್ಟಿದ್ದು, ಆದ್ರೆ ಅವು ನಮ್ಮ ಕಲ್ಲಿನ ಮುಂದೆ ಮೊನ್ನೆ ಮೊನ್ನೆಯ ಕೂಸು. ಇಪ್ಪತ್ತು-ಇಪ್ಪತ್ತೈದು ಕೋಟಿ ವರ್ಷದ ಹಿಂದೆ ಬೆಚ್ಚಗಿನ ಆಳವಿಲ್ಲದ ಸಮುದ್ರ ಅದು, ಅದ್ರಲ್ಲಿ ಹವಳದಂಥ ಜೀವಿಗಳು ಕಟ್ಟಿದ ದಿಬ್ಬಗಳು, ಚಿಪ್ಪು, ಕೆಸರು ಎಲ್ಲ ಪದರ ಪದರವಾಗಿ ಕೂತು ಕಲ್ಲಾಗಿ, ಆಮೇಲೆ ಆಫ್ರಿಕಾ ಕಡೆಯ ನೆಲ ಯುರೋಪನ್ನ ಒತ್ತಿದಾಗ ಮೇಲೆದ್ದು ಮೂರು ಸಾವಿರ ಮೀಟರ್ ಎತ್ತರದ ಬೆಟ್ಟ ಆಯ್ತು. ಇಡೀ ಸಾಲಲ್ಲೇ ಎತ್ತರದ್ದು ಮರ್ಮೊಲಾದ, 3,343 ಮೀಟರ್.

ನಮ್ಮ ಕೋಟೆ ಬಂಡೆ ಗುಂಡಗೆ, ಆನೆ ಬೆನ್ನಿನಂಗೆ. ಅಲ್ಲಿಂದು ಸುಣ್ಣದ ಜಾತಿ ಕಲ್ಲು, ಆದ್ರೆ ಕ್ಯಾಲ್ಸಿಯಂ ಜೊತೆ ಮೆಗ್ನೀಷಿಯಂ ಸೇರಿದೆ. ಮಾಮೂಲಿ ಸುಣ್ಣಕಲ್ಲಿನ ಮೇಲೆ ಆಸಿಡ್ ಬಿಟ್ರೆ ಬುಸ್ ಅಂತ ನೊರೆ ಬರುತ್ತೆ, ಇದು ಅಷ್ಟಾಗಿ ನೊರೆ ಕೊಡಲ್ಲ, 18ನೇ ಶತಮಾನದ ಕೊನೇಲಿ ಇದನ್ನ ಗುರುತಿಸಿದ್ದು ಫ್ರಾನ್ಸಿನ ದೊಲೊಮ್ಯು ಅನ್ನೋ ಭೂವಿಜ್ಞಾನಿ, ಅವ್ರ ಹೆಸ್ರೇ ಕಲ್ಲಿಗೂ ಬೆಟ್ಟಕ್ಕೂ ಬಂತು. ಚಳೀಲಿ ಬಿರುಕಲ್ಲಿ ನೀರು ಹೆಪ್ಪುಗಟ್ಟಿ ಕಲ್ಲು ಸಿಡೀತಾ ಸಿಡೀತಾ ಚೂಪಾಗುತ್ತೆ, ಬುಡದಲ್ಲಿ ಜಲ್ಲಿ ರಾಶಿ ಬೀಳುತ್ತೆ. ಆ ಜಲ್ಲೀಲಿ ನಡೆದು ಬಂದು ಶೂ ನೋಡ್ಕೊಂಡ್ರೆ ವಿಭೂತಿ ಹಚ್ಚಿದಂಗೆ ಬಿಳೀ ಪುಡಿ.

ಗುಲಾಬಿ ಬಣ್ಣ ನಿಜ. ಅಲ್ಲಿನ ಲದೀನ್ ಭಾಷೇಲಿ ಅದಕ್ಕೆ ಎನ್ರೊಸದೀರ ಅಂತಾರೆ. ನಾನು ನೋಡಿದ್ದು ರೋಸೆನ್‌ಗಾರ್ಟೆನ್ ಅನ್ನೋ ಬೆಟ್ಟದ ಎದುರು. ಊಟಕ್ಕೆ ಕೂತಿದ್ವಿ, ಯಾರೋ ಏನೋ ಅಂದ್ರು, ಎಲ್ಲ ತಟ್ಟೆ ಬಿಟ್ಟು ಹೊರಗೆ ಹೋದ್ರು, ನಾವೂ ಹೋದ್ವಿ. ಬೂದಿ ಬಣ್ಣದ ಗೋಡೆ ಮೊದಲು ಕೇಸರಿ ಆಯ್ತು, ಆಮೇಲೆ ಕೆಂಡ, ಆಮೇಲೆ ನೇರಳೆ, ಕಾಲು ಗಂಟೇಲಿ ಎಲ್ಲ ಮುಗಿದು ಮತ್ತೆ ಬೂದಿ. ಯಾರೂ ಮಾತಾಡ್ಲಿಲ್ಲ. ಅಲ್ಲಿನೋರು ಇದಕ್ಕೊಂದು ಕಥೆ ಹೇಳ್ತಾರೆ. ಲೌರಿನ್ ಅಂತ ಕುಬ್ಜರ ರಾಜ, ಅವನ ಗುಲಾಬಿ ತೋಟ ನೋಡಿಯೇ ಶತ್ರುಗಳು ಅವನನ್ನ ಪತ್ತೆ ಹಚ್ಚಿ ಹಿಡಿದ್ರಂತೆ, ಸಿಟ್ಟಲ್ಲಿ ತೋಟಕ್ಕೆ ಶಾಪ ಕೊಟ್ಟ, ಹಗಲೂ ಕಾಣ್ಬಾರ್ದು ರಾತ್ರಿಯೂ ಕಾಣ್ಬಾರ್ದು ಅಂತ, ಮುಸ್ಸಂಜೆ ಹೇಳೋದು ಮರೆತ. ಹಿರಣ್ಯಕಶಿಪು ವರದಲ್ಲೂ ಉಳ್ಕೊಂಡಿದ್ದು ಅದೇ ಮುಸ್ಸಂಜೆ ಅಲ್ವಾ ಮೇಷ್ಟ್ರೇ! ಅದನ್ನ ಕೇಳಿದಾಗ ಮೈ ಜುಂ ಅಂತು ನಂಗೆ.

ನಾವು ಮೊಟ್ಟೆ ಸಹ ಮುಟ್ಟಲ್ಲ. ಊಟಕ್ಕೆ ಏನ್ ಮಾಡೋದು? — ಗೃಹಿಣಿ, ಚಳ್ಳಕೆರೆ

ಅಕ್ಕಾರೆ, ಕಷ್ಟ ಇದೆ ಆದ್ರೆ ಉಪವಾಸ ಬೀಳಲ್ಲ. ಅಲ್ಲಿ ಹೆಸರುವಾಸಿ ತಿಂಡಿ ಕನೆದೆರ್ಲಿ, ಬ್ರೆಡ್ಡಿನ ಉಂಡೆ, ನಮ್ಮ ಮುದ್ದೆಯ ಚಿಕ್ಕ ರೂಪ ಅನ್ನಬಹುದು, ಆದ್ರೆ ಮಾಮೂಲಿಯದ್ರಲ್ಲಿ ಹಂದಿ ಮಾಂಸದ ಚೂರು ಹಾಕಿರ್ತಾರೆ, ಪಾಲಕ್ ಹಾಕಿದ್ರಲ್ಲೂ ಮೊಟ್ಟೆ ಇರುತ್ತೆ. ತಾಜಾ ಪಾಸ್ತಾದಲ್ಲೂ ಸಾಮಾನ್ಯವಾಗಿ ಮೊಟ್ಟೆ. ಒಣ ಪಾಸ್ತಾಗೆ ಟೊಮ್ಯಾಟೊ ಸಾಸ್ ಹಾಕ್ಸ್ಕೊಳ್ಳಿ, ಮೆಕ್ಕೆಜೋಳದ ಹಿಟ್ಟಿನ ಪೊಲೆಂತ ಜೊತೆ ಅಣಬೆ ಕೇಳಿ, ಅದು ಬಾಯಿಗೆ ಹಿಡಿಸುತ್ತೆ. ತರಕಾರಿ ಸೂಪು ಅಂದ್ರೂ ಮಾಂಸದ ರಸದಲ್ಲಿ ಕುದಿಸಿರಬಹುದು, ಕೇಳೇ ತಿನ್ನಿ. ಪಾರ್ಮಿಜಾನೊ ಚೀಸಿಗೆ ಕರುವಿನ ಹೊಟ್ಟೆಯ ರೆನೆಟ್ ಹಾಕಿ ಹಾಲು ಒಡೀತಾರೆ, ಇದೂ ಗೊತ್ತಿರ್ಲಿ. "ಸೆಂಜ ಕಾರ್ನೆ, ಸೆಂಜ ಉವೊವ" ಅಂದ್ರೆ ಮಾಂಸ ಬೇಡ, ಮೊಟ್ಟೆ ಬೇಡ, ಒಂದು ಚೀಟೀಲಿ ಬರ್ಕೊಂಡು ಹೋಗಿ.

ಅಡುಗೆ ಮನೆ ಇರೋ ಅಪಾರ್ಟ್‌ಮೆಂಟ್ ತಗೊಂಡ್ರೆ ಅರ್ಧ ಚಿಂತೆ ಕಳೀತು. ಶೇಂಗಾ ಚಟ್ನಿಪುಡಿ, ಗುರೆಳ್ಳು ಪುಡಿ, ಅವಲಕ್ಕಿ, ಖಡಕ್ ರೊಟ್ಟಿ ತಗೊಂಡು ಹೋಗಿ. ತುಪ್ಪ, ಬೆಣ್ಣೆ, ಪೇಡ ಮಾತ್ರ ಬೇಡ, ಹೊರಗಿಂದ ಹಾಲಿನ ಪದಾರ್ಥ, ಮಾಂಸ ತರೋದನ್ನ ಯುರೋಪಿಯನ್ ಒಕ್ಕೂಟದೋರು ಬಿಡಲ್ಲ. ನಾವು ದಾವಣಗೆರೆ ಮಂಡಕ್ಕಿ ಒಯ್ದಿದ್ವಿ, ತೂಕವೇ ಇಲ್ಲ, ಬಂಡೆ ಮೇಲೆ ಕೂತು ಚಟ್ನಿಪುಡಿ, ಹಸಿ ಈರುಳ್ಳಿ ಕಲಸಿ ತಿಂದ್ವಿ, ಪಕ್ಕದಲ್ಲಿದ್ದ ಜರ್ಮನ್ ದಂಪತಿಗೂ ಒಂದೊಂದು ಹಿಡಿ ಕೊಟ್ವಿ, ಆಯಮ್ಮ ಎರಡ್ನೇ ಸಲ ಕೈ ಚಾಚಿದ್ರು.

ವೀಸಾ ಯಾವ ದೇಶದ್ದು, ಯಾವಾಗ ಹಾಕ್ಬೇಕು? — ಜಗಳೂರು

ಷೆಂಗೆನ್ ವೀಸಾ, ಅಂದ್ರೆ ಯುರೋಪಿನ ಸುಮಾರು ದೇಶಗಳಿಗೆ ಒಂದೇ ಆಗೋ ವೀಸಾ. ಯಾವ ದೇಶದಲ್ಲಿ ಹೆಚ್ಚು ರಾತ್ರಿ ಇರ್ತೀರೋ ಆ ದೇಶದ್ದು, ಇಲ್ಲಿ ಇಟಲಿ. ಆರು ತಿಂಗಳು ಮುಂಚೆಯಿಂದ ಹಾಕಬಹುದು, ಬೇಸಿಗೆಗೆ ಅಪಾಯಿಂಟ್‌ಮೆಂಟ್ ಸಿಗೋದು ಕಷ್ಟ, ಅದಕ್ಕೆ ಮೂರು ತಿಂಗಳಾದ್ರೂ ಮೊದಲೇ ಶುರು ಮಾಡಿ. ಶುಲ್ಕ ದೊಡ್ಡೋರಿಗೆ 90 ಯೂರೋ. 30,000 ಯೂರೋ ಕವರ್ ಇರೋ ಇನ್ಶೂರೆನ್ಸ್ ಕಡ್ಡಾಯ, ಅದ್ರಲ್ಲಿ ಬೆಟ್ಟದಿಂದ ಹೆಲಿಕಾಪ್ಟರಲ್ಲಿ ಇಳಿಸೋ ಖರ್ಚು ಸೇರಿದೆಯಾ ನೋಡ್ಕೊಳ್ಳಿ. ಸುಳ್ಳು ಹೋಟೆಲ್ ಬುಕಿಂಗ್ ತೋರಿಸೋಣ ಅಂತ ಒಬ್ಬ ಏಜೆಂಟ್ ನಂಗೂ ಹೇಳಿದ್ರು, ಅಂಥ ಕೆಲಸಕ್ಕೆ ಕೈ ಹಾಕ್ಬೇಡಿ.

ಜುಲೈ ಅಂದ್ರೆ ಅಲ್ಲಿ ಬೇಸಿಗೆ ಅಲ್ವಾ, ಮಳೆ ಭಯ ಯಾಕೆ? — ಹರಿಹರ

ಬೇಸಿಗೆನೇ, ಅದಕ್ಕೇ ಗುಡುಗು. ಬೆಳಿಗ್ಗೆ ಆಕಾಶ ತೊಳೆದಿಟ್ಟಂಗಿರುತ್ತೆ, ಬಿಸಿಲಿಗೆ ಕಣಿವೆಯ ತೇವ ಮೇಲೆದ್ದು ಮಧ್ಯಾಹ್ನದ ಹೊತ್ತಿಗೆ ಮೋಡ ಕಟ್ಟಿ ಸಿಡಿಲು ಹೊಡಿಯುತ್ತೆ. ನಮ್ಮ ಮುಂಗಾರು ಮುಂಚಿನ ಮಳೆ ಥರನೇ, ಆದ್ರೆ ಅಲ್ಲಿ ನೀವು ಮೋಡದ ಪಕ್ಕದಲ್ಲೇ ನಿಂತಿರ್ತೀರಿ.

ಗೆಳೆಯನ ಜೊತೆ ಹೋದಾಗ ಒಂದಿನ ಸೆಚೇದ ಬೆಟ್ಟದಿಂದ ಫಿರೆಂಜೆ ಅನ್ನೋ ರಿಫುಜಿಯೊ ಕಡೆ ಇಳೀಬೇಕಿತ್ತು. ತಿಂಡಿ ನಿಧಾನಕ್ಕೆ ತಿಂದು ಹನ್ನೊಂದೂವರೆಗೆ ಹೊರಟ್ವಿ, ಅದು ನಮ್ಮದೇ ತಪ್ಪು. ಒಂದೂಮುಕ್ಕಾಲಿಗೆ ಮೇಯ್ತಿದ್ದ ಹಸುಗಳೆಲ್ಲ ಒಂದೇ ಕಡೆ ತಿರುಗಿ ಇಳಿಯೋಕೆ ಶುರು ಮಾಡಿದ್ವು, ಕೊರಳ ಗಂಟೆ ಸದ್ದು ಒಟ್ಟಿಗೆ ದೂರ ಆಯ್ತು, ಆಗ್ಲೂ ನಮ್ಗೆ ಹೊಳೀಲಿಲ್ಲ. ಹತ್ತು ನಿಮಿಷಕ್ಕೆ ತಣ್ಣನೆ ಗಾಳಿ, ಆಮೇಲೆ ಆಲಿಕಲ್ಲು, ಕಡಲೆಕಾಳಿನ ಗಾತ್ರದ್ದು, ಕೈಮೇಲೆ ಬಿದ್ರೆ ಉರಿ. ಮಿಂಚಿಗೂ ಗುಡುಗಿಗೂ ನಡುವೆ ಮೂರು ಎಣಿಸೋಕೂ ಆಗ್ತಿರ್ಲಿಲ್ಲ. ಜಾರಿ ಬಿದ್ದು ಎದ್ದು ಮನೆ ಮುಟ್ಟಿದಾಗ ಬೆರಳು ಮಡಚೋಕೆ ಬರ್ತಿರ್ಲಿಲ್ಲ, ಆ ಮನೆಯಾಕೆ ಏನೂ ಕೇಳ್ದೆ ಒಲೆ ಪಕ್ಕದ ಬೆಂಚಿಂದ ನಾಲ್ಕು ಜನರನ್ನ ಸರಿಸಿ ನಮ್ಮನ್ನ ಕೂರಿಸಿದ್ರು.

ಹಾಗಾಗಿ ಬೆಳಿಗ್ಗೆ ಏಳಕ್ಕೆ ದಾರೀಲಿರಿ, ಜುಲೈಲಿ ಐದೂವರೆಗೇ ಬೆಳಕಾಗುತ್ತೆ. ಮಧ್ಯಾಹ್ನ ಒಂದರೊಳಗೆ ಸೂರಿನ ಕೆಳಗಿರಿ. ಸಿಡಿಲಿಗೆ ಸಿಕ್ಕಿಕೊಂಡ್ರೆ ಬೆಟ್ಟದ ಏಣು ಬಿಟ್ಟು ಕೆಳಗಿಳೀರಿ, ಒಂಟಿ ಮರ, ಬಂಡೆಗೆ ಹೊಡೆದಿರೋ ಕಬ್ಬಿಣದ ಹಗ್ಗದಿಂದ ದೂರ ಹೋಗಿ, ಕೋಲು ಪಕ್ಕಕ್ಕೆ ಎಸೆದು ಕಾಲು ಜೋಡಿಸಿ ಕುಕ್ಕರುಗಾಲಲ್ಲಿ ಕೂರಿ. ತುರ್ತಿಗೆ 112. ಮತ್ತೆ ವಿಪರೀತ ಸೆಕೆ ದಿನಗಳಲ್ಲಿ ಹಿಮನದಿ ಹತ್ರ ಹೋಗ್ಲೇಬೇಡಿ. 2022ರ ಜುಲೈ 3ರಂದು ಮರ್ಮೊಲಾದದ ಹಿಮನದಿಯ ತುಂಡು ಕುಸಿದು 11 ಜನ ಹೋದ್ರು, ಅವ್ರೂ ಬೆಟ್ಟ ಪ್ರೀತಿಸಿ ಬಂದೋರೇ.

ನೀರು ಎರಡು ಲೀಟರ್ ಹೊತ್ಕೊಳ್ಳಿ. ಕಲ್ಲಿನ ಬಿರುಕಲ್ಲಿ ನೀರೆಲ್ಲ ಒಳಗಿಳಿದು ಹೋಗುತ್ತೆ, ಎತ್ತರದಲ್ಲಿ ಹಳ್ಳ ತೊರೆ ಕಮ್ಮಿ. ಕೋಟೆ ಮೇಲೆ ಮಳೆ ನೀರು ನಿಲ್ಸೋಕೆ ಅಕ್ಕತಂಗಿ ಹೊಂಡ ಕಟ್ಟಿದ ಊರಿನೋರಿಗೆ ಇದನ್ನ ಜಾಸ್ತಿ ಹೇಳ್ಬೇಕಿಲ್ಲ. ಎಷ್ಟೋ ರಿಫುಜಿಯೊಗಳಲ್ಲಿ ಬಿಸಿನೀರ ಸ್ನಾನಕ್ಕೆ ಬೇರೆ ದುಡ್ಡು, ಅದೂ ಕೆಲವೇ ನಿಮಿಷ. ಹಾಸಿಗೆ ಮೇಲೆ ಹಾಸಿ ಒಳಗೆ ಮಲ್ಕೊಳ್ಳೋ ತೆಳು ಬಟ್ಟೆಚೀಲ ನೀವೇ ತರ್ಬೇಕು.

ವಿಯಾ ಫೆರ್ರಾತ ಹತ್ತಬಹುದಾ? — ಹೊಳಲ್ಕೆರೆ

ಬಂಡೆಗೆ ಕಬ್ಬಿಣದ ಹಗ್ಗ, ಏಣಿ ಹೊಡೆದಿರೋ ದಾರಿ ಅದು, ಮೊದಲ ಮಹಾಯುದ್ಧದಲ್ಲಿ ಇಟಲಿ ಮತ್ತು ಆಸ್ಟ್ರಿಯಾ ಸೈನಿಕರು ಹಾಕ್ಕೊಂಡಿದ್ದು ಎಷ್ಟೋ ಇವೆ. ಹೆಲ್ಮೆಟ್, ಸೊಂಟದ ಪಟ್ಟಿ, ಎರಡು ಕೊಕ್ಕೆ ಇರೋ ಹಗ್ಗ, ಜೊತೆಗೆ ಗೈಡ್ ಇಲ್ದೆ ಬೇಡ. ಯುದ್ಧದ ಗುರುತು ನೋಡೋಕೆ ಚಿಂಕ್ವೆ ತೋರ್ರಿಗೆ ಹೋಗಿ, ಕಂದಕಗಳನ್ನ ದುರಸ್ತಿ ಮಾಡಿ ಉಳಿಸಿದಾರೆ, ಮಕ್ಕಳೂ ನಡೀಬಹುದು.

ಒಂದೇ ಊರಿಗೆ ಮೂರು ಹೆಸರು ಕಾಣ್ತವೆ, ಗೊಂದಲ. — ದಾವಣಗೆರೆ

1919ರ ಒಪ್ಪಂದದ ತನಕ ದಕ್ಷಿಣ ತಿರೋಲ್ ಅನ್ನೋ ಈ ಸೀಮೆ ಆಸ್ಟ್ರಿಯಾದ್ದು, ಅದಕ್ಕೇ ಇಟಾಲಿಯನ್, ಜರ್ಮನ್, ಲದೀನ್ ಮೂರೂ ಬೋರ್ಡಲ್ಲಿ ಇರ್ತವೆ. ಓರ್ತಿಸೇಯಿ, ಸಾಂಕ್ಟ್ ಉಲ್ರಿಖ್ ಎರಡೂ ಒಂದೇ. ದಾರೀಲಿ ಊರ ಹೆಸರಿಗಿಂತ ನಂಬರ್ ನೋಡಿ, ಕಲ್ಲಿನ ಮೇಲೆ ಕೆಂಪು-ಬಿಳಿ ಪಟ್ಟೆ ಬಳಿದು ನಂಬರ್ ಬರ್ದಿರ್ತಾರೆ. ಎದುರಿಗೆ ಬಂದೋರು ನಮಸ್ಕಾರ ಹೇಳೇ ಹೇಳ್ತಾರೆ, ನೀವೂ ಹೇಳಿ.

ನಮ್ಮ ಅಮ್ಮಂಗೆ 68, ಮಂಡಿ ನೋವು. ಬಿಟ್ಟು ಹೋಗೋಕೆ ಮನಸ್ಸಿಲ್ಲ. — ವಿದ್ಯಾನಗರ, ದಾವಣಗೆರೆ

ಬಿಟ್ಟು ಹೋಗ್ಬೇಡಿ. ನಾನೂ ಎರಡು ವರ್ಷ ಇದೇ ಯೋಚ್ನೆ ಮಾಡಿ ಮಾಡಿ ಕೊನೆಗೆ ಕರ್ಕೊಂಡು ಹೋದೆ. ಅವ್ರಿಗೆ ಆಲ್ಪೆ ದಿ ಸಿಯೂಸಿ ತೋರಿಸಿ, ಓರ್ತಿಸೇಯಿ ಊರೊಳಗಿಂದಲೇ ಗೊಂಡೊಲ, ಅಂದ್ರೆ ಕೇಬಲ್ ಕಾರು, ಹತ್ತಿದ್ರೆ ನೇರ ಮೇಲೆ ಇಳಿಸುತ್ತೆ. ಸುಮಾರು 56 ಚದರ ಕಿಲೋಮೀಟರ್ ಹುಲ್ಲುಗಾವಲು, ಯುರೋಪಲ್ಲಿ ಇಷ್ಟು ಎತ್ತರದಲ್ಲಿ ಇದಕ್ಕಿಂತ ದೊಡ್ಡದು ಇಲ್ಲ. ಎದುರಿಗೆ ಸಾಸ್ಸೊಲುಂಗೊ, 3,181 ಮೀಟರ್, ಬಾಗಿಲು ತೆಗೆದ ತಕ್ಷಣ ಮುಖದ ಮುಂದೆ ನಿಂತಂಗೆ. ಕಾಲು ಕಿಲೋಮೀಟರ್ ನಡೆದ್ರೂ ಸಾಕು, ಬೆಂಚು ಸಿಗುತ್ತೆ. ಇನ್ನೊಂದಿನ ಪೊರ್ದೊಯಿಂದ ಸಾಸ್ ಪೊರ್ದೊಯಿಗೆ ಕೇಬಲ್ ಕಾರಲ್ಲಿ ಹೋಗಿ, ನಾಲ್ಕು ನಿಮಿಷಕ್ಕೆ 2,950 ಮೀಟರ್, ಸ್ವೆಟರ್ ಮರೀಬೇಡಿ. ಬಿಪಿ, ಹೃದಯದ ತೊಂದ್ರೆ ಇದ್ರೆ ಮೊದಲು ಡಾಕ್ಟರನ್ನ ಕೇಳ್ಕೊಂಡು ಹೋಗಿ.

ನಾವು ಹೋದಾಗ ಹುಲ್ಲು ಕೊಯ್ಲು ನಡೀತಿತ್ತು. ಅಮ್ಮ ಬೆಂಚಿಂದ ಎದ್ದು ಬೇಲಿ ತನಕ ಹೋಗಿ, ಒಣಗ್ತಿದ್ದ ಹುಲ್ಲನ್ನ ಒಂದು ಹಿಡಿ ತಗೊಂಡು ಮೂಸಿದ್ರು. ಅದ್ರಲ್ಲಿ ಸಣ್ಣ ಸಣ್ಣ ನೀಲಿ, ಹಳದಿ ಹೂ ಬಾಡಿ ಸೇರ್ಕೊಂಡಿದ್ವು. "ನಮ್ಮ ಬಣವೆಗೆ ಇಷ್ಟು ಘಮ ಇರ್ಲಿಲ್ಲ ಕಣೋ, ಇಲ್ಲಿನ ದನ ಪುಣ್ಯ ಮಾಡಿದ್ವು" ಅಂದ್ರು, ಆ ಹಿಡಿ ಹುಲ್ಲನ್ನ ತೊಡೆ ಮೇಲೆ ಇಟ್ಕೊಂಡು ಸಂಜೆ ತನಕ ಕೂತಿದ್ರು, ನಾನು ಬೇರೆ ಎಲ್ಲೆಲ್ಲೋ ಕರ್ಕೊಂಡು ಹೋಗೋಣ ಅಂತ ಪ್ಲ್ಯಾನ್ ಮಾಡಿದ್ದೆ, ಎಲ್ಲಿಗೂ ಬರಲ್ಲ ಅಂದ್ರು. ಕೊನೇ ಗೊಂಡೊಲ ಎಷ್ಟೊತ್ತಿಗೆ ಅಂತ ಹತ್ತೋವಾಗ್ಲೇ ಬೋರ್ಡ್ ನೋಡ್ಕೊಳ್ಳಿ, ಅಮ್ಮನ್ನ ಎಬ್ಬಿಸೋಕೆ ಅರ್ಧ ಗಂಟೆ ಮುಂಚೆಯಿಂದಲೇ ಶುರು ಮಾಡಿ.